ಕರ್ಣಾನಂದ ಯಂತ್ರವೂ ನಮ್ಮ ಬೀದಿಯ ಶ್ರವಣಯೋಗ್ಯತೆಯೂ

ನಮ್ಮ ಬೀದಿಯಲ್ಲಿ ಈಗ ಕಿವಿ ಕೇಳದವರು ಯಾರೂ ಇಲ್ಲ. ಇದು ನನ್ನ ಅಭಿಪ್ರಾಯವಲ್ಲ, ಜಾಹೀರಾತು ಸತ್ಯಪಾಲನಾ ಇಲಾಖೆಯ ಆದೇಶ. ಆದೇಶದ ಪ್ರತಿಯನ್ನು ಬೀದಿಯ ತುದಿಯ ಗೋಡೆಗೆ ಅಂಟಿಸಿದ್ದಾರೆ. ನಂಬದವರು ಹೋಗಿ ಓದಿಕೊಳ್ಳಬಹುದು.

ಈ ಸಾಧನೆಗೆ ಕಾರಣರಾದವರು ಗಡಿಯಾರ ರಿಪೇರಿಯ ಯಜಮಾನರು. ನಾನು ಟೈಲರ್. ನನ್ನ ಅಂಗಡಿಗೆ ಎದುರಾಗಿ ಅವರ ಅಂಗಡಿ, ಅಂಗಡಿಯ ಹಿಂದೆಯೇ ಮನೆ. ಆದ್ದರಿಂದ ನಡೆದದ್ದೆಲ್ಲ ನನ್ನ ಕಣ್ಣೆದುರಿಗೇ ನಡೆದಿದೆ.

ಯಜಮಾನರ ಕಿವಿ ಮಂದವಾದದ್ದು ಮೊದಲು ಗೊತ್ತಾದದ್ದು ಗಿರಾಕಿಗಳಿಗೆ. ಚೆನ್ನಾಗಿ ಓಡುತ್ತಿದ್ದ ಗಡಿಯಾರವನ್ನು ಅವರು ಕಿವಿಗೆ ಹಿಡಿದು, "ಇದು ನಿಂತುಹೋಗಿದೆ" ಎಂದು ಬಿಚ್ಚಿಬಿಡುತ್ತಿದ್ದರು. ಬಿಚ್ಚಿದ ಮೇಲೆ ಅದು ನಿಜವಾಗಿಯೂ ನಿಲ್ಲುತ್ತಿತ್ತು. ಹೀಗಾಗಿ ಅವರು ಹೇಳಿದ್ದು ಸುಳ್ಳೆನ್ನಲು ಯಾರಿಗೂ ಆಗುತ್ತಿರಲಿಲ್ಲ.

ಅವರ ಹೆಂಡತಿಯನ್ನು ನಾವೆಲ್ಲ ಮೆಲ್ಲಕ್ಕ ಎನ್ನುತ್ತೇವೆ. ಅವರ ದನಿ ಅಷ್ಟು ಮೆಲು. ಒಲೆಯ ಮೇಲೆ ಹಾಲು ಉಕ್ಕಿದರೂ, ಹಾಲಿಗೆ ಬೇಜಾರಾಗದ ಹಾಗೆ ಹೇಳುವವರು. ಯಜಮಾನರ ಸಂಕಟ ಅಲ್ಲೇ ಇತ್ತು. ಒಂದು ದಿನ ನನ್ನ ಅಂಗಡಿಯ ಸ್ಟೂಲಿನ ಮೇಲೆ ಕೂತು ಹೇಳಿಕೊಂಡರು:

"ನಿಮ್ಮದೆಲ್ಲ ಅರ್ಧಂಬರ್ಧ ಕೇಳಿಸುತ್ತೆ ಟೈಲರೇ. ಇವಳದು ಮಾತ್ರ ಪೂರ್ತಿ ಹೋಯ್ತು. ಬಾಯಿ ಆಡೋದು ಕಾಣುತ್ತೆ, ಅಷ್ಟೆ. ಬೈತಿದ್ದಾಳೋ, ಊಟಕ್ಕೆ ಕರೀತಿದ್ದಾಳೋ ಗೊತ್ತಾಗಲ್ಲ. ಎರಡಕ್ಕೂ ಎದ್ದು ಹೋಗ್ತೀನಿ."

ಅಂಥ ಹೊತ್ತಿನಲ್ಲೇ ಟೀವಿಯಲ್ಲಿ ಕರ್ಣಾನಂದ ಯಂತ್ರದ ಜಾಹೀರಾತು ಬರತೊಡಗಿತು. ಹಸಿರು ಹುಲ್ಲಿನ ಮೇಲೆ ಬಿಳಿ ಕುರ್ಚಿ, ಕುರ್ಚಿಯಲ್ಲಿ ಒಬ್ಬ ಮುದುಕರು. ಕಡಲೆಬೀಜದಷ್ಟು ಯಂತ್ರವನ್ನು ಕಿವಿಗೆ ಸಿಕ್ಕಿಸಿಕೊಂಡ ತಕ್ಷಣ ಅವರಿಗೆ ಎಲೆ ಉದುರುವುದು ಕೇಳಿಸುತ್ತದೆ. ಇರುವೆ ನಡೆಯುವುದು ಕೇಳಿಸುತ್ತದೆ. ಮಹಡಿಯ ಕಿಟಕಿಯಲ್ಲಿ ಅವರ ಹೆಂಡತಿ ಪರದೆಯ ಹಿಂದೆ ಏನೋ ಪಿಸುಗುಟ್ಟುತ್ತಾರೆ, ಇವರು ತಿರುಗಿ ನಗುತ್ತಾರೆ. ಪಿಟೀಲು ಮೊಳಗುತ್ತದೆ.

ಯಜಮಾನರು ಮರುದಿನವೇ ಯಂತ್ರ ತಂದರು. ಸಿಕ್ಕಿಸಿಕೊಂಡರು. ಕಿವಿಯೊಳಗೆ ಕುಯ್ಯೆಂದಿತು. ಫ್ಯಾನು ಹಾಕಿದರೆ ರೈಲು ಬಂದಂತಾಯಿತು. ಅವರದೇ ಅಗಿಯುವ ಸದ್ದು, ಯಾರೋ ಜಲ್ಲಿಕಲ್ಲಿನ ಮೇಲೆ ನಡೆದಾಡಿದಂತೆ ಕೇಳಿಸಿತು. ಮೆಲ್ಲಕ್ಕ ಎದುರಿಗೆ ಕೂತು ಮಾತಾಡಿದರು. ಅದೊಂದು ಕೇಳಿಸಲಿಲ್ಲ.

ಅವರ ಮಗಳು ಬ್ಯಾಂಕಿನಲ್ಲಿ ಕೆಲಸ ಮಾಡುವವಳು, ತಪ್ಪು ಕಂಡರೆ ಸುಮ್ಮನಿರುವ ಜಾಯಮಾನದವಳಲ್ಲ. "ಟೀವೀಲಿ ತೋರಿಸಿದ್ದು ಒಂದು, ಕೈಗೆ ಕೊಟ್ಟಿದ್ದು ಇನ್ನೊಂದು. ಕೇಳೋರೇ ಇಲ್ವಾ?" ಎಂದು ಅಪ್ಪನನ್ನು ಕರೆದುಕೊಂಡು ಸತ್ಯಪಾಲನಾ ಇಲಾಖೆಗೆ ಹೊರಟಳು. ಅಂಗಡಿಯಲ್ಲಿ ಕೆಲಸ ಕಡಿಮೆಯಿದ್ದುದರಿಂದ ನಾನೂ ಹೋದೆ.

ಪರಿಶೀಲನಾಧಿಕಾರಿಗಳು ಸಜ್ಜನರು. ಟೇಬಲ್ಲಿನ ಗಾಜಿನ ಮೇಲಿನ ಚಹಾದ ಕಲೆಯನ್ನು ಒರೆಸಿ, ನಮ್ಮನ್ನು ಕೂರಿಸಿ ಕೇಳಿದರು.

"ದೂರು ಏನು?"

"ಜಾಹೀರಾತಿನಲ್ಲಿ ಪಿಸುಮಾತು ಕೇಳಿಸುತ್ತೆ ಅಂತ ತೋರಿಸ್ತಾರೆ ಸಾರ್. ನಮ್ಮಪ್ಪನಿಗೆ ಕೇಳಿಸ್ತಿಲ್ಲ" ಎಂದಳು ಮಗಳು.

"ಜಾಹೀರಾತಿನಲ್ಲಿ ನಿಮ್ಮಪ್ಪ ಇದ್ದಾರಾ?"

"ಇಲ್ಲ."

"ಇರೋರಿಗೆ ಕೇಳಿಸುತ್ತಾ?"

"ಕೇಳಿಸೋ ಹಾಗೆ ತೋರಿಸ್ತಾರೆ."

"ಅಂದಮೇಲೆ ಜಾಹೀರಾತು ಸತ್ಯ."

"ಸಾರ್, ಆ ಮುದುಕರು ನಟರು! ಅವರ ಕಿವಿ ಮೊದಲಿಂದಲೂ ಚೆನ್ನಾಗೇ ಇದೆ!"

ಅಧಿಕಾರಿಗಳ ಮುಖ ಅರಳಿತು. "ಒಳ್ಳೇದಾಯ್ತು ಹೇಳಿದ್ದು. ಚೆನ್ನಾಗಿರೋ ಕಿವಿಯನ್ನೂ ಯಂತ್ರ ಕೆಡಿಸಿಲ್ಲ ಅಂತಾಯ್ತು. ಇದನ್ನ ಕಂಪನಿ ಪರವಾದ ಸಾಕ್ಷ್ಯ ಅಂತ ತಗೋತೀನಿ."

ಆಮೇಲೆ ಅವರು ಜಾಹೀರಾತಿನ ಕೊನೆಯಲ್ಲಿ, ಪಿಟೀಲು ಮೊಳಗುವಾಗ, ಟೀವಿ ಪರದೆಯ ತಳದಲ್ಲಿ ಓಡಿಹೋಗುವ ಅಕ್ಷರಗಳನ್ನು ಭೂತಗನ್ನಡಿ ಹಿಡಿದು ತೋರಿಸಿದರು. "ಯಂತ್ರದ ಸಾಮರ್ಥ್ಯವು ಕಿವಿಯ ಸಾಮರ್ಥ್ಯವನ್ನು ಅವಲಂಬಿಸಿರುತ್ತದೆ" ಎಂದಿತ್ತು. ಅಷ್ಟು ಸಣ್ಣಕ್ಷರ ಯಾರಿಗೆ ಕಾಣುತ್ತದೆ ಎಂದು ಮಗಳು ಕೇಳಿದಳು. ಕಣ್ಣಿಗೆ ಸಂಬಂಧಪಟ್ಟ ದೂರುಗಳನ್ನು ಪಕ್ಕದ ಕೋಣೆಯಲ್ಲಿ ತೆಗೆದುಕೊಳ್ಳುತ್ತಾರೆಂದು ಅವರು ಸೌಜನ್ಯದಿಂದಲೇ ತಿಳಿಸಿದರು.

ಮಗಳು ಬಿಡಲಿಲ್ಲ. ಬ್ಯಾಂಕಿನ ಊಟದ ವಿರಾಮದಲ್ಲೆಲ್ಲ ಹೋಗಿ ಅವರ ಬಾಗಿಲ ಮುಂದಿನ ಬೆಂಚಿನ ಮೇಲೆ ಕೂತಳು. ಕೊನೆಗೆ ಬೆಂಚು ಖಾಲಿಯಾಗಲಿ ಎಂಬ ಸದುದ್ದೇಶದಿಂದ ಇಲಾಖೆಯು "ಜಾಹೀರಾತು ಪರಿಸ್ಥಿತಿಯಲ್ಲಿ ಮರುಪರೀಕ್ಷೆ"ಗೆ ಒಪ್ಪಿತು.

ಪರೀಕ್ಷೆಯ ದಿನ ಅಧಿಕಾರಿಗಳು ಯಜಮಾನರ ಮನೆಗೆ ಬಂದರು. ಜೊತೆಗೆ ಟೈ ಕಟ್ಟಿದ ಕಂಪನಿ ಪ್ರತಿನಿಧಿ ಬಂದರು. ಬಿಳಿ ಕುರ್ಚಿ ಬಂತು. ಪಿಟೀಲಿನವರೂ ಒಬ್ಬರು ಬಂದರು, ಏಕೆಂದರೆ ಜಾಹೀರಾತಿನಲ್ಲಿ ಪಿಟೀಲು ಇದೆ. ಹುಲ್ಲು ಮಾತ್ರ ಇರಲಿಲ್ಲ. ನನ್ನ ಅಂಗಡಿಯ ಹಸಿರು ಲೈನಿಂಗ್ ಬಟ್ಟೆ ಹಾಸಿದೆವು. ಯಜಮಾನರು ಒಗೆದ ಅಂಗಿ ತೊಟ್ಟು, ಪರೀಕ್ಷೆಗೆ ಕೂತ ಹುಡುಗನ ಹಾಗೆ ಬೆನ್ನು ನೆಟ್ಟಗೆ ಮಾಡಿ ಕೂತರು. ಮೆಲ್ಲಕ್ಕನನ್ನು ಕಿಟಕಿಯ ಹಿಂದೆ ನಿಲ್ಲಿಸಲಾಯಿತು.

"ಏನು ಹೇಳಲಿ?" ಎಂದು ಮೆಲ್ಲಕ್ಕ ಕೇಳಿದರು. ಬೇರೆ ಯಾರಿಗೂ ಕೇಳಿಸಲಿಲ್ಲ. ಕಿಟಕಿಗೆ ಒರಗಿ ನಿಂತಿದ್ದ ನಾನು ಅದನ್ನೇ ಜೋರಾಗಿ ಹೇಳಬೇಕಾಯಿತು.

"ಏನಾದರೂ ಹೇಳಿ. ಆದರೆ ನಗ್ತಾ ಹೇಳಬೇಕು" ಎಂದರು ಪ್ರತಿನಿಧಿ. "ಜಾಹೀರಾತಿನಲ್ಲಿ ನಗ್ತಾರೆ."

ಮೆಲ್ಲಕ್ಕ ನಗುತ್ತಾ ಏನೋ ಹೇಳಿದರು. ಪಿಟೀಲು ಮೊಳಗಿತು. ಯಜಮಾನರು ಕಿಟಕಿಯ ಕಡೆಗೇ ನೋಡುತ್ತಿದ್ದರು. ಅವರ ಕುತ್ತಿಗೆಯ ನರ ಉಬ್ಬಿತ್ತು. ಸ್ವಲ್ಪ ಹೊತ್ತಾದ ಮೇಲೆ, "ಹೇಳಿ ಆಯ್ತಾ?" ಎಂದರು.

ಅಧಿಕಾರಿಗಳು ಎದ್ದು ಬಂದು ಯಂತ್ರವನ್ನು ಅವರ ಕಿವಿಯಿಂದ ತೆಗೆದು, ಕರವಸ್ತ್ರದಲ್ಲಿ ಒರೆಸಿ, ತಮ್ಮ ಕಿವಿಗೇ ಸಿಕ್ಕಿಸಿಕೊಂಡರು. "ಈಗ ಹೇಳಮ್ಮ" ಎಂದರು. ಮೆಲ್ಲಕ್ಕ ಹೇಳಿದರು. ಅಧಿಕಾರಿಗಳು ಕಣ್ಣು ಮುಚ್ಚಿ ಆಲಿಸಿದರು.

"ನನಗೂ ಕೇಳಿಸಲಿಲ್ಲ" ಎಂದರು.

"ನೋಡಿದ್ರಾ!" ಎಂದಳು ಮಗಳು.

"ನೋಡಿದೆ. ನನ್ನ ಕಿವಿಯಲ್ಲಿ ದೋಷವಿಲ್ಲ. ಇಲಾಖೆಯೇ ಪರೀಕ್ಷೆ ಮಾಡಿಸಿ ಕೆಲಸಕ್ಕೆ ತಗೊಂಡಿದೆ. ದೋಷವಿಲ್ಲದ ಕಿವಿಗೂ ಕೇಳಿಸದಿದ್ದರೆ ತಪ್ಪು ಕಿವಿ ಕಡೆಯದಲ್ಲ, ಯಂತ್ರದ ಕಡೆಯದೂ ಅಲ್ಲ. ಬಾಯಿ ಕಡೆಯದು."

ಆ ವಾರವೇ ಆದೇಶ ಹೊರಬಿತ್ತು. ಅದರ ಮುಖ್ಯ ಭಾಗ ಹೀಗಿತ್ತು: "ಕರ್ಣಾನಂದ ಯಂತ್ರವು ಸುಸ್ಥಿತಿಯಲ್ಲಿದ್ದು, ದೂರುದಾರರ ಪತ್ನಿಯ ಧ್ವನಿಯು ಯಂತ್ರಕ್ಕೆ ಅನುಗುಣವಾಗಿಲ್ಲವೆಂದು ಕಂಡುಬಂದಿದೆ. ಸದರಿ ಪತ್ನಿಯು ಇನ್ನು ಮುಂದೆ ಅರ್ಹ ಧ್ವನಿಯಲ್ಲಿಯೇ ಮಾತನಾಡತಕ್ಕದ್ದು. ದೂರುದಾರರು ಗಿರಾಕಿಗಳೊಂದಿಗೂ ನೆರೆಹೊರೆಯವರೊಂದಿಗೂ ವ್ಯವಹರಿಸುವುದರಿಂದ, ಈ ನಿಯಮವು ಇಡೀ ಬೀದಿಗೆ ಅನ್ವಯಿಸತಕ್ಕದ್ದು. ಪಿಸುಗುಟ್ಟುವುದು ಕಂಡುಬಂದಲ್ಲಿ ಅದನ್ನು ಕಂಪನಿಗೆ ಮಾಡಿದ ಮಾನಹಾನಿ ಎಂದು ಪರಿಗಣಿಸಲಾಗುವುದು."

ಅರ್ಹ ಧ್ವನಿ ಎಂದರೆ ಎಷ್ಟೆಂದು ತಿಳಿಯಲು ದನಿ ಅಳೆಯುವ ಒಂದು ಮೀಟರನ್ನು ನನ್ನ ಅಂಗಡಿಯ ಕಂಬಕ್ಕೆ ತೂಗುಹಾಕಿದರು. ಮುಳ್ಳು ಕೆಂಪು ಗೆರೆ ದಾಟಿದರೆ ಅದು ಮಾತು. ದಾಟದಿದ್ದರೆ ಅದು ಮಾತೇ ಅಲ್ಲ.

ಮೆಲ್ಲಕ್ಕ ಬಾಗಿಲಿಗೆ ಬಂದು ಮೀಟರನ್ನು ನೋಡಿದರು. ಆಮೇಲೆ ಬೀದಿ ದಾಟಿ ನನ್ನ ಹತ್ತಿರ ಬಂದು, "ಅಣ್ಣಾ, ಸ್ವಲ್ಪ ಹೊತ್ತು ಅಂಗಡಿ ಬಾಗಿಲು ಹಾಕ್ಕೋತೀರಾ? ನಾಚಿಕೆಯಾಗುತ್ತೆ" ಎಂದರು. ಹಾಕಿಕೊಂಡೆ. ಮೊದಲು ಕೆಮ್ಮು ಕೇಳಿಸಿತು. ಆಮೇಲೆ, ಆ ಬೀದಿಯಲ್ಲಿ ನಾನು ಅದುವರೆಗೆ ಕೇಳಿರದ ಒಂದು ದನಿ:

"ಏನಂದ್ರೇ! ಊಟಕ್ಕೆ ಬನ್ನೀ!"

ಎದುರು ಮನೆಯ ಸೂರಿನ ಪಾರಿವಾಳಗಳೆಲ್ಲ ಎದ್ದು ಹೋದ ಸದ್ದಾಯಿತು. ನಾನು ಬಾಗಿಲು ತೆರೆದಾಗ ಯಜಮಾನರು ಕೈಯಲ್ಲಿ ಚಿಮಟ ಹಿಡಿದು ನಿಂತಿದ್ದರು. ಕಣ್ಣು ತುಂಬಿತ್ತು. "ಊಟಕ್ಕೆ ಅಂದಳು ಟೈಲರೇ. ಬೈಗುಳ ಅಲ್ಲ, ಊಟಕ್ಕೇ!" ಎಂದು ಒಳಗೆ ಓಡಿದರು.

ಮಗಳಿಗೆ ಅನುಮಾನ. ಅಪ್ಪನ ಕಿವಿಯಿಂದ ಯಂತ್ರ ತೆಗೆಸಿ, "ಅಮ್ಮಾ, ಇನ್ನೊಂದು ಸಲ ಕರಿ" ಎಂದಳು. ಮೆಲ್ಲಕ್ಕ ಕರೆದರು. ಯಜಮಾನರಿಗೆ ಮೊದಲಿಗಿಂತ ಚೆನ್ನಾಗಿ ಕೇಳಿಸಿತು, ಕುಯ್ಯೆನ್ನುವುದು ಇರಲಿಲ್ಲವಲ್ಲ. ಮಗಳು ಚಪ್ಪಲಿ ಮೆಟ್ಟಿ ಸೀದಾ ಇಲಾಖೆಗೆ ಹೋದಳು.

"ಯಂತ್ರ ಇಲ್ಲದಿದ್ದರೂ ಕೇಳಿಸುತ್ತೆ ಸಾರ್! ಈಗಲಾದರೂ ಒಪ್ಪಿಕೊಳ್ಳಿ!"

ಅಧಿಕಾರಿಗಳು ಕುರ್ಚಿಯಿಂದ ಅರ್ಧ ಎದ್ದರಂತೆ. "ಏನಂದಿರಿ? ತೆಗೆದಿಟ್ಟ ಮೇಲೂ ಕೇಳಿಸುತ್ತಾ? ಇಷ್ಟು ಗುಣವಿದೆ ಅಂತ ಕಂಪನಿಯವರೂ ಹೇಳಿಕೊಂಡಿರಲಿಲ್ಲವಲ್ಲ ತಾಯಿ!"

ಕೆಲವೇ ದಿನಗಳಲ್ಲಿ ಟೀವಿಯಲ್ಲಿ ಹೊಸ ಸಾಲು ಬಂತು: "ಕರ್ಣಾನಂದ – ತೆಗೆದಿಟ್ಟರೂ ಕೇಳಿಸುತ್ತದೆ! ಇಲಾಖೆಯಿಂದ ದೃಢೀಕೃತ."

ಅಲ್ಲಿಂದ ಮುಂದೆ ಬೀದಿಯ ಜೀವನ ಕ್ರಮಬದ್ಧವಾಗಿ ನಡೆಯಿತು. ಡಾಕ್ಟರು ರೋಗಿಯ ಮೂಲವ್ಯಾಧಿಯನ್ನು ಅರ್ಹ ಧ್ವನಿಯಲ್ಲಿ ವಿಚಾರಿಸಿದರು. ಹೊರಗೆ ಕಾಯುತ್ತಿದ್ದವರು ತಮಗೆ ತಿಳಿದ ಮದ್ದನ್ನು ಅರ್ಹ ಧ್ವನಿಯಲ್ಲಿಯೇ ಸೂಚಿಸಿದರು. ನಾನು ಅಳತೆ ತೆಗೆಯುವಾಗ, "ಸೊಂಟ ಮತ್ತೆ ಹೆಚ್ಚಾಗಿದೆ!" ಎಂದು ಕೂಗಬೇಕಾಗಿ ಬಂದು ಕೆಲವು ಗಿರಾಕಿಗಳನ್ನು ಕಳೆದುಕೊಂಡೆ. ಹೊಸದಾಗಿ ಮದುವೆಯಾಗಿ ಮೂಲೆಮನೆಗೆ ಬಂದಿದ್ದ ಗಂಡಹೆಂಡಿರು ಒಂದೆರಡು ದಿನ ಪ್ರಯತ್ನಪಟ್ಟು ಮನೆ ಖಾಲಿ ಮಾಡಿದರು. ಅತ್ತೆಸೊಸೆಯರು ಮಾತ್ರ ನಿಯಮದಿಂದ ತಮಗೇನೂ ವ್ಯತ್ಯಾಸವಾಗಿಲ್ಲವೆಂದು ತಿಳಿಸಿದರು.

ಹೀಗೆ ಕೂಗಿ ಕೂಗಿ, ಕೂಗಿದ್ದನ್ನು ಕೇಳಿ ಕೇಳಿ, ನಮ್ಮ ಕಿವಿಗಳೂ ಮಂದವಾದವು. ಮೊದಲು ನನ್ನದು, ಆಮೇಲೆ ಡಾಕ್ಟರದು. ಎಲ್ಲರೂ ಒಬ್ಬೊಬ್ಬರಾಗಿ ಕರ್ಣಾನಂದ ಕೊಂಡೆವು. ಕಿವಿಗೆ ಯಂತ್ರ ಬಂದ ಮೇಲೆ ಕಿವುಡು ಎನ್ನುವುದಕ್ಕೆ ಬರುವುದಿಲ್ಲ. ಇಲಾಖೆಯು ನಮ್ಮ ಬೀದಿಯನ್ನು "ಸಂಪೂರ್ಣ ಶ್ರವಣಯೋಗ್ಯ" ಎಂದು ಪ್ರಕಟಿಸಿದ್ದು ಆಗಲೇ.

ಅದರ ಸಂತೋಷಕ್ಕೆ ಕಂಪನಿಯು ತನ್ನ ಹೊಸ ಜಾಹೀರಾತನ್ನು ಯಜಮಾನರ ಮನೆಯಲ್ಲೇ ಚಿತ್ರೀಕರಿಸಿತು. ನಿರ್ದೇಶಕರಿಗೆ ಪಿಸುಮಾತು ಬೇಕಿತ್ತು. ಮೆಲ್ಲಕ್ಕ ಪ್ರಯತ್ನಿಸಿದರು. ಇಷ್ಟು ದಿನ ಕೂಗಿ ಗಂಟಲು ಹರಿದು, ಗಾಳಿ ಬಿಟ್ಟರೆ ಏನೂ ಬರಲಿಲ್ಲ. "ಪರವಾಗಿಲ್ಲಮ್ಮ, ತುಟಿ ಆಡಿಸಿ ಸಾಕು. ದನಿಗೆ ನಮ್ಮಲ್ಲಿ ಬೇರೆ ಹುಡುಗಿ ಇದ್ದಾಳೆ" ಎಂದರು ನಿರ್ದೇಶಕರು. ಯಜಮಾನರಿಗೆ, ಸಹಾಯಕರು ಟವೆಲ್ ಬೀಸಿದಾಗ ತಿರುಗಿ ನಗಬೇಕೆಂದು ಕೈಸನ್ನೆಯಲ್ಲಿ ಹೇಳಿಕೊಟ್ಟರು. ಸಹಾಯಕರು ಟವೆಲ್ ಬೀಸಿದರು. ಯಜಮಾನರು ತಿರುಗಿದರು, ನಕ್ಕರು. ಬಹಳ ಚೆನ್ನಾಗಿ ಬಂತು.

ಜಾಹೀರಾತು ಮೊದಲ ಸಲ ಬಂದ ಸಂಜೆ ನಾವೆಲ್ಲ ಅವರ ಮನೆಯಲ್ಲಿ ಸೇರಿದ್ದೆವು. ಪರದೆಯ ಮೇಲೆ ಮೆಲ್ಲಕ್ಕನ ತುಟಿ ಅಲುಗಿತು. ಯಾವಳೋ ಹುಡುಗಿಯ ಜೇನಿನಂಥ ದನಿ ಬಂತು. ಯಜಮಾನರು ತಿರುಗಿ ನಕ್ಕರು. ಪಿಟೀಲು ಮೊಳಗಿತು.

ಯಜಮಾನರು ಮಿಟುಕಿಸದೆ ನೋಡಿದರು. ಮುಗಿದ ಮೇಲೆ ಹೆಂಡತಿಯ ಕೈ ಹಿಡಿದುಕೊಂಡರು.

"ನೋಡಿದ್ಯಾ?" ಎಂದರು. "ಅಲ್ಲಿ ನನಗೆ ನಿನ್ನ ಮಾತು ಎಷ್ಟು ಚೆನ್ನಾಗಿ ಕೇಳಿಸ್ತಿದೆ! ಇಲ್ಲಿರೋದು ಹಳೇದು. ಅದು ಬೇರೆ ಮಾಡೆಲ್ ಇರಬೇಕು. ಅದನ್ನೇ ತಗೊಂಡುಬಿಡೋಣ ಕಣೇ."

ಮೆಲ್ಲಕ್ಕ ಏನೋ ಹೇಳಹೋದರು. ದನಿಯಿರಲಿಲ್ಲ. ಹೂಂ ಎಂಬಂತೆ ತಲೆಯಾಡಿಸಿದರು.

ನಾವೆಲ್ಲ ಮಗಳ ಕಡೆ ನೋಡಿದೆವು. ಅವಳು ಅಪ್ಪನನ್ನು ನೋಡಿದಳು, ಅಪ್ಪನ ಕೈಯಲ್ಲಿದ್ದ ಅಮ್ಮನ ಕೈಯನ್ನು ನೋಡಿದಳು. ಆಮೇಲೆ ಗಂಟಲು ಸರಿಪಡಿಸಿಕೊಂಡು, ಅರ್ಹ ಧ್ವನಿಯಲ್ಲಿ ಕೇಳಿದಳು:

"ನಿಮಗೊಂದೇ ಸಾಕಾ ಅಪ್ಪಾ? ಅಮ್ಮನಿಗೂ ಒಂದು ತರಲಾ?"

"ನನಗೂ ಒಂದು ಹೇಳಿಬಿಡಮ್ಮಾ!" ಎಂದು ನಾನು ಕೂಗಿದೆ. ನನ್ನ ಹಿಂದೆ ಡಾಕ್ಟರು ಕೂಗಿದರು. ಅವರು ಏನೆಂದರೋ ಕೇಳಿಸಲಿಲ್ಲ. ಅವರಿಗೂ ಒಂದು ಎಂದೇ ಇರಬೇಕು.