ತಟ್ಟಿದರೆ ತೆಗೆಯುವವರು

ಆ ಬೆಳಗ್ಗೆ ಬೀಗದಪ್ಪನವರು ಮಾಡಿದ ತಪ್ಪು ಇಷ್ಟೇ. ಒಲೆಯ ಮೇಲೆ ಪುಡಿ, ಸಕ್ಕರೆ ಹಾಕಿ ಚಹಾಕ್ಕೆ ನೀರಿಟ್ಟರು. ಹಾಲಿಲ್ಲವೆಂಬುದು ಆಮೇಲೆ ನೆನಪಾಗಿ, ಬಾಗಿಲೆಳೆದುಕೊಂಡು ಅಂಗಡಿಗೆ ಹೋದರು. ಹಾಲು ತಂದರು. ಬಾಗಿಲು ತಟ್ಟಿ, ಎಂದಿನಂತೆ ಒಂದು ಹೆಜ್ಜೆ ಹಿಂದೆ ಸರಿದು ಕಾದು ನಿಂತರು.

ತೆಗೆಯಲು ಒಳಗೆ ಯಾರೂ ಇರಲಿಲ್ಲ.

ಊರವರ ಬೀಗಗಳನ್ನು ರಿಪೇರಿ ಮಾಡಿ ಆಯುಷ್ಯ ಸವೆಸಿ, ಅದರಿಂದಲೇ ಆ ಹೆಸರು ಪಡೆದ ಮನುಷ್ಯ, ತಮ್ಮ ಮನೆಯ ಬೀಗದ ಕೈಯನ್ನು ಒಂದು ದಿನವೂ ಜೇಬಿನಲ್ಲಿ ಇಟ್ಟುಕೊಂಡವರಲ್ಲ. ಯಾಕೆ ಇಟ್ಟುಕೊಳ್ಳಬೇಕು? ತಟ್ಟಿದರೆ ಒಳಗಿನಿಂದ "ಬಂದೇ" ಎಂಬ ದನಿ ಬರುತ್ತಿತ್ತು. ಆ ದನಿ ನಿಂತು ಕೆಲವು ತಿಂಗಳಾಗಿತ್ತು. ತಟ್ಟುವ ಕೈಗೆ ಮಾತ್ರ ಅದಿನ್ನೂ ತಿಳಿದಿರಲಿಲ್ಲ.

ಅವರು ಹಳೆಯ ಊರು ಬಿಟ್ಟದ್ದು ದುಃಖ ತಾಳಲಾರದೆ ಅಲ್ಲ, ಸಮಾಧಾನ ತಾಳಲಾರದೆ. ನೆರೆಯವರು ಒಬ್ಬರ ಹಿಂದೊಬ್ಬರು ಬರುವರು. ಸಮಾಧಾನ ಹೇಳಲು ಬಾಯಿ ತೆರೆದು ತಾವೇ ಗೊಳೋ ಎಂದು ಅಳುವರು. ಕೊನೆಗೆ ಬೀಗದಪ್ಪನವರೇ ಎದ್ದು ನೀರು ತಂದುಕೊಟ್ಟು ಬೆನ್ನು ಸವರಬೇಕು. ತಮ್ಮ ಪಾಲಿನ ಅಳುವನ್ನು ಅಳುವುದಕ್ಕೆ ಅವರಿಗೆ ಬಿಡುವೇ ಆಗಲಿಲ್ಲ. ದೇವರು ಕೊಟ್ಟದ್ದನ್ನು ಒಬ್ಬನೇ ಕೂತು ಉಣ್ಣೋಣವೆಂದು ಈ ಊರಿಗೆ ಬಂದರು.

ಬೀದಿ ಆರಿಸಲು ಅವರದೇ ಒಂದು ಪರೀಕ್ಷೆ ಇತ್ತು. ಬೀದಿಯ ನಡುವೆ ನಿಂತು ಎದೆ ಬಿರಿಯುವ ಹಾಗೆ ಕೆಮ್ಮುವುದು. ಒಂದು ಬೀದಿಯಲ್ಲಿ ಕಿಟಕಿ ತೆರೆದು, "ಯಾಕಜ್ಜಾ, ಹುಷಾರಿಲ್ವಾ?" ಎಂದರು. ಅದು ಬೇಡವಾಯಿತು. ಇನ್ನೊಂದರಲ್ಲಿ ಬಿಸಿನೀರೇ ಬಂತು. ಅಲ್ಲಿಂದ ಓಡಿದರು. ಈ ಬೀದಿಯಲ್ಲಿ ಎಷ್ಟು ಕೆಮ್ಮಿದರೂ ಒಂದು ಪರದೆಯೂ ಅಲುಗಲಿಲ್ಲ. ಮಲಗಿದ್ದ ನಾಯಿ ಒಂದು ಕಣ್ಣು ತೆರೆದು ನೋಡಿ ಮತ್ತೆ ಮುಚ್ಚಿಕೊಂಡಿತು.

"ಇಲ್ಲಿ ಸತ್ರೂ ಯಾರೂ ಕೇಳಲ್ಲ ಸ್ವಾಮಿ," ಎಂದ ದಲ್ಲಾಳಿ ಹೆಮ್ಮೆಯಿಂದ. ಬೀಗದಪ್ಪನವರು ಆ ಕ್ಷಣವೇ ಮನೆ ಹಿಡಿದರು.

ಬಾಗಿಲಿಗೆ ತಾವೇ ಮಾಡಿದ ಬೀಗವನ್ನು ಹಿಂದಿನ ಸಂಜೆಯಷ್ಟೇ ಕೂರಿಸಿದ್ದರು. ಎಳೆದರೆ ಸಾಕು, ತಾನೇ ಬೀಳುವಂಥದು. ಕಳ್ಳನೂ ಕೈಮುಗಿದು ಹೋಗಬೇಕು. ಈಗ ಮಾಡಿದವರೇ ಕೈಮುಗಿಯುವ ಹೊತ್ತು ಬಂದಿತ್ತು. ಉಪಕರಣದ ಪೆಟ್ಟಿಗೆ ಒಳಗೆ, ಬೀಗದ ಕೈ ಒಳಗೆ, ಉರಿಯುವ ಒಲೆಯೂ ಒಳಗೆ. ಒಲೆಯ ಮೇಲಿನ ಗೂಡಿನಲ್ಲಿ ಅವರಾಕೆಯ ಪಟ. ಇದ್ದದ್ದು ಅದೊಂದೇ.

ಮತ್ತೆ ಮತ್ತೆ ತಟ್ಟಿದ್ದು ಕೇಳಿ ಎದುರು ಮನೆಯ ಬಾಗಿಲು ಬೆರಳಗಲ ತೆರೆಯಿತು. ಆಸ್ಪತ್ರೆಯಿಂದ ನಿವೃತ್ತರಾದ ನರ್ಸಮ್ಮ.

"ಒಳಗೆ ಯಾರಿದ್ದಾರೆ?"

"ನಮ್ಮನೆಯವಳು." ನಾಲಿಗೆ ಹಳೆಯ ಹಾದಿ ಹಿಡಿದುಬಿಟ್ಟಿತ್ತು. ತಿದ್ದಿಕೊಂಡರೆ ಉಳಿದದ್ದನ್ನೂ ಹೇಳಬೇಕು. ಹೇಳಿದರೆ ಸಮಾಧಾನ ಶುರು.

"ಮತ್ಯಾಕೆ ತೆಗೀತಿಲ್ಲ?"

"ಸ್ವಲ್ಪ... ಕಿವಿ ಮಂದ."

"ಅಮ್ಮಾ! ಬಾಗ್ಲು ತೆಗೀರೀ!" ನರ್ಸಮ್ಮನ ಕೂಗಿಗೆ ಪಕ್ಕದ ಮನೆಯ ಡ್ರಿಲ್ ಮೇಷ್ಟ್ರು ಕೊರಳಲ್ಲಿ ಸೀಟಿ ತೂಗಿಸಿಕೊಂಡು ಹೊರಬಂದರು. ಅಷ್ಟರಲ್ಲಿ ಬಾಗಿಲ ಸಂದಿನಿಂದ ಹೊಗೆಯೂ ಹೊರಬಂತು.

"ಅಯ್ಯೋ, ಹೆಂಗಸು ಒಳಗೇ ಇದ್ದಾರೆ!"

ಮೇಷ್ಟ್ರು ಸೀಟಿ ಊದಿ, ಓಡಿ ಬಂದು ಭುಜದಿಂದ ಗುದ್ದಿದರು. ಬಾಗಿಲು ಅಲುಗಲಿಲ್ಲ, ಭುಜ ಅಲುಗಿತು. ಮೂಲೆಮನೆಯ ಹಲ್ಲಿನ ಡಾಕ್ಟರು ತಮ್ಮ ಇಕ್ಕಳ ತಂದು, ದವಡೆ ಹಲ್ಲನ್ನು ಅಲ್ಲಾಡಿಸಿದ ಹಾಗೆ ಬೀಗವನ್ನು ಅಲ್ಲಾಡಿಸಿ ಬೆವೆತರು. "ಇಂಥ ಬೇರು ನಾನು ಕಂಡೇ ಇಲ್ಲ. ಯಾವ ಪಾಪಿ ಮಾಡಿದ್ದು ಈ ಬೀಗ?"

"ಒಳ್ಳೆ ಕೆಲಸ, ಅಲ್ವಾ?" ಎಂದುಬಿಟ್ಟರು ಬೀಗದಪ್ಪನವರು, ಅಂಥ ಹೊತ್ತಿನಲ್ಲೂ.

ಕಡೆಗೆ ಮೇಷ್ಟ್ರು ಪಕ್ಕದ ಕಿಟಕಿಯ ಗಾಜು ಒಡೆದು ಒಳಗೆ ತೂರಿಕೊಂಡರು. ಕಿಟಕಿಯೆಂಬುದೊಂದು ಇದೆಯೆಂದು ಬೀಗದಪ್ಪನವರಿಗೆ ಹೊಳೆದದ್ದೇ ಆಗ. ಸ್ವಲ್ಪ ಹೊತ್ತಿಗೆ ಮೇಷ್ಟ್ರು ಸುಟ್ಟ ಪಾತ್ರೆ ಹಿಡಿದುಕೊಂಡು, ಮುಖವೆಲ್ಲ ಮಸಿಯಾಗಿ ಬಾಗಿಲು ತೆರೆದರು.

"ಒಲೆ ಆರಿಸ್ದೆ. ಆದ್ರೆ ಒಳಗೆ ಯಾರೂ ಇಲ್ಲ."

"ಮಂಚದ ಕೆಳಗೆ ನೋಡಿದ್ರಾ? ಹೆದ್ರಿ ಅಡಗಿರ್ತಾರೆ," ಎಂದರು ನರ್ಸಮ್ಮ.

"ನೋಡ್ದೆ. ಚಪ್ಪಲಿ ಇದೆ."

ಡಾಕ್ಟರು ದನಿ ತಗ್ಗಿಸಿದರು. "ಯಜಮಾನ್ರೇ, ಬೇಜಾರು ಮಾಡ್ಕೋಬೇಡಿ. ಮನೇಲಿ ಏನಾದ್ರೂ ಜಗಳ ಆಗಿತ್ತಾ? ಹೇಳ್ದೆ ಹೋಗಿಬಿಟ್ರಾ?"

ಯಾವುದನ್ನು ತಾಳಿದರೂ ಇದನ್ನು ತಾಳಲಾಗಲಿಲ್ಲ. "ಜಗಳಾಡಿ ಹೋಗೋಳಲ್ಲ ಅವಳು," ಎಂದರು ಬೀಗದಪ್ಪನವರು. "ತೀರಿಕೊಂಡ್ಳು. ನನಗೆ ಬೀಗದ ಕೈ ಇಟ್ಕೊಂಡು ಅಭ್ಯಾಸ ಇಲ್ಲ, ಅಷ್ಟೇ."

ಮೇಷ್ಟ್ರು ಒಳಗೆ ಹೋಗಿ ಪಟ ತಂದರು; ಮಸಿಯನ್ನು ತೋಳಿನಿಂದ ಒರೆಸಿ ಅವರ ಕೈಗಿಟ್ಟರು. ಪಟದೊಳಗಿನ ಮುಖಕ್ಕೇನೂ ಆಗಿರಲಿಲ್ಲ. ಅದನ್ನು ಎದೆಗೊತ್ತಿಕೊಂಡು, ಬೀಗದಪ್ಪನವರು ಕಣ್ಣುಮುಚ್ಚಿ ಸಮಾಧಾನದ ಮಳೆಗೆ ತಲೆಕೊಟ್ಟು ನಿಂತರು.

ಯಾರೂ ಸಮಾಧಾನ ಹೇಳಲಿಲ್ಲ. ನರ್ಸಮ್ಮ ಮೆಟ್ಟಿಲ ಮೇಲೆ ಕುಸಿದು ಕೂತರು.

"ನಮ್ಮೆಜಮಾನ್ರು ಹೋದ ಮೇಲೆ, ಸಮಾಧಾನ ಹೇಳೋರ ಕಾಟಕ್ಕೆ ನಾನೂ ಈ ಬೀದಿಗೆ ಬಂದೆ. ನೀವು ಕೆಮ್ಮಿದ ದಿನ ಪರದೆ ಹಿಂದೆ ಬಿಸಿನೀರು ಹಿಡ್ಕೊಂಡೇ ನಿಂತಿದ್ದೆ. ಹೊರಗೆ ಬಂದ್ರೆ ಮಾತು ಬೆಳೆಯುತ್ತಲ್ಲಾ ಅಂತ..."

"ನೀವೂನಾ?" ಎಂದರು ಮೇಷ್ಟ್ರು. "ನಮ್ಮಕ್ಕ ಹೋದಾಗ ನಾನೂ ಹೀಗೇ..."

"ದಲ್ಲಾಳಿ ನಿಮಗೂ ಅದೇ ಮಾತು ಹೇಳಿದ್ನಾ?" ಎಂದರು ಡಾಕ್ಟರು, ಇಕ್ಕಳ ಕೆಳಗಿಟ್ಟು. ಅವರ ತಾಯಿಯ ಕತೆ ಇನ್ನೂ ದೊಡ್ಡದಿತ್ತು.

ಕಟ್ಟೆ ಒಡೆಯಿತು. ಎಲ್ಲರೂ ಒಳಗೆ ಬಂದು ಮಂಚದ ಮೇಲೆ ಸಾಲಾಗಿ ಕೂತು ಅತ್ತರು. ಅಳು ತಡೆಯಲು ಮೇಷ್ಟ್ರು ಸೀಟಿಯನ್ನು ಕಚ್ಚಿಕೊಂಡರು. ಬಿಕ್ಕಿದಾಗಲೆಲ್ಲ ಅದು ಪೀಪ್ ಎನ್ನುತ್ತಿತ್ತು. ಅದನ್ನು ಕೇಳಿ ಬೀದಿಯ ಕೊನೆಯವರೂ ಬಂದರು. ಅವರಿಗೂ ಒಂದೊಂದು ಇತ್ತು. ಬೀಗದಪ್ಪನವರು ನೀರು ತಂದರು, ಬೆನ್ನು ಸವರಿದರು, ಮತ್ತೆ ನೀರು ತಂದರು.

ಎಲ್ಲರಿಗೂ ಚಹಾ ಮಾಡಿ ಮಾಡಿ ಸಂಜೆಗೆ ಹಾಲು ಮುಗಿಯಿತು. ಬೀಗದಪ್ಪನವರು ಅಂಗಡಿಗೆ ಹೊರಡಲು ಎದ್ದು ಮೊಳೆಯಲ್ಲಿದ್ದ ಬೀಗದ ಕೈಯತ್ತ ನಡೆದರು.

"ಅದ್ಯಾಕೆ?" ಎಂದರು ನರ್ಸಮ್ಮ ಮೂಗೊರೆಸಿಕೊಳ್ಳುತ್ತ. "ಎಳ್ಕೊಂಡು ಹೋಗಿ. ಬಂದು ತಟ್ಟಿ, ತೆಗೀತೀವಿ."

ಚಾಚಿದ ಕೈ ಅಲ್ಲೇ ನಿಂತಿತು. ಬರಿಗೈಯಲ್ಲಿ ಹೊರಬಂದು ಬಾಗಿಲೆಳೆದರು. ಬೀಗ ಟಕ್ಕೆಂದು ಬಿತ್ತು. ಬೀದಿಯಲ್ಲಿ ಒಂದು ನರಪಿಳ್ಳೆಯೂ ಇರಲಿಲ್ಲ. ತಮ್ಮ ಪಾಲಿನದನ್ನು ಇಲ್ಲಾದರೂ ಅತ್ತುಬಿಡೋಣವೆಂದು ನಡುಬೀದಿಯಲ್ಲಿ ನಿಂತರು. ಗಂಟಲಿಗೆ ಬಂದದ್ದು ಕೆಮ್ಮು.

ಒಡೆದ ಕಿಟಕಿಯಲ್ಲಿ ತಲೆಗಳೆಲ್ಲ ಒಟ್ಟಿಗೆ ಕಾಣಿಸಿಕೊಂಡವು.

"ಯಾಕೆ ಯಜಮಾನ್ರೇ, ಹುಷಾರಿಲ್ವಾ?"

ನಾಯಿಯೂ ಎದ್ದು ಬಂದು ಅವರ ಕಾಲ ಬಳಿ ಕೂತಿತು. ಅದಕ್ಕೂ ಏನೋ ಹೇಳಿಕೊಳ್ಳುವುದಿದ್ದಂತಿತ್ತು.