ಲಾಡಿ ಕಟ್ಟಿದ ಅಯಸ್ಕಾಂತ

ಲೋಕದಲ್ಲಿ ಸೆಳೆತವೆಂಬುದು ಇಲ್ಲದಿದ್ದರೆ ಗ್ರಹಗಳು ದಾರಿ ತಪ್ಪುತ್ತಿದ್ದವು, ಸಂಸಾರಗಳು ಚದುರಿಹೋಗುತ್ತಿದ್ದವು ಎಂದು ಬಲ್ಲವರು ಹೇಳುತ್ತಾರೆ. ಇರಬಹುದು. ನವನಗರದ ನಮ್ಮ ಕಾಕಾ ಎಪ್ಪತ್ತು ವರ್ಷಗಳಲ್ಲಿ ಸೆಳೆದದ್ದು ಮಾತ್ರ ತುಕ್ಕು ಹಿಡಿದ ಮೊಳೆಗಳನ್ನು.

ಕೆಟ್ಟ ಸ್ಪೀಕರಿನಿಂದ ಕಿತ್ತ ಅಯಸ್ಕಾಂತವೊಂದಕ್ಕೆ ಲಾಡಿ ಕಟ್ಟಿಕೊಂಡು ಅವರು ದಿನಾ ಬೆಳಿಗ್ಗೆ ಅಮರಗೋಳದ ಕಡೆ ವಾಕಿಂಗ್ ಹೋಗುತ್ತಿದ್ದರು. ಉಳಿದವರು ನಾಯಿ ಕರೆದೊಯ್ಯುವ ರಸ್ತೆಯಲ್ಲಿ ಇವರದು ಅಯಸ್ಕಾಂತ! (ಬೊಗಳುವುದಿಲ್ಲ, ರೊಟ್ಟಿ ಹಾಕಬೇಕಿಲ್ಲ ಎಂಬುದು ಅವರ ಸಮರ್ಥನೆ.) ಲಾರಿಗಳು ಉದುರಿಸಿದ ಮೊಳೆ, ಬೋಲ್ಟುಗಳೆಲ್ಲ ಅಂಟಿ, ಮನೆಗೆ ಮರಳುವಾಗ ಅದು ಮುಳ್ಳುಹಂದಿಯಾಗಿರುತ್ತಿತ್ತು. ದಾರಿಯಲ್ಲಿನ ಪಂಕ್ಚರ್ ಅಂಗಡಿಯ ಚಾಚಾ ಒಮ್ಮೆ ತಡೆದು ಕೇಳಿಯೇಬಿಟ್ಟರು: "ಕಾಕಾರ, ನೀವು ಹಿಂಗ ರಸ್ತಾ ಬಳಕೊಂಡು ಹೋದ್ರ ನನ್ನ ದುಕಾನ ನಡಿಯೂದು ಹೆಂಗ್ರಿ?" ಕಾಕಾ ಗಂಭೀರವಾಗಿ ಯೋಚಿಸಿ, ಅಂಗಡಿಯ ಮುಂದಿನ ಹತ್ತು ಹೆಜ್ಜೆಗಳನ್ನು ಅಂದಿನಿಂದ ಚಾಚಾನಿಗೆ ಬಿಟ್ಟುಕೊಟ್ಟರು.

ಮನೆಯಲ್ಲಿ ಅದರ ಅಧಿಕೃತ ಕೆಲಸ ಬೇರೆ. ಕಾಕಾನ ಹೆಂಡತಿ, ನಮ್ಮ ಕಾಕು, ಹಳೇ ಸೀರೆಗಳಿಂದ ಕೌದಿ ಹೊಲಿಯುತ್ತಾಳೆ. ಸೂಜಿ ಕಳೆಯುವುದರಲ್ಲೂ ಆಕೆ ನಿಸ್ಸೀಮಳು. "ಬಿತ್ತು ನೋಡ್ರಿ" ಎಂದರೆ ಸಾಕು, ಕಾಕಾ ಪೂಜೆಯ ನಡುವಿನಿಂದಲೂ ಎದ್ದು ಬಂದು ಲಾಡಿ ಇಳಿಬಿಡುತ್ತಿದ್ದರು. ಟಕ್! ಆಗ ಅವರ ಮುಖ ನೋಡಬೇಕು, ಬಾವಿಯಿಂದ ಕೂಸನ್ನೆತ್ತಿದವರ ಹಾಗೆ.

"ಬೇಕಂತನ ಬೀಳಸ್ತೇನಿ," ಎಂದು ಕಾಕು ಒಮ್ಮೆ ನನ್ನ ಕಿವಿಯಲ್ಲಿ ಹೇಳಿದ್ದಳು. "ಇಲ್ಲಾಂದ್ರ ಇವರು ನನ್ನ ಹಂತೇಕ ಬರೂದು ಊಟಕ್ಕಷ್ಟ."

ಈ ಬೇಸಿಗೆಯಲ್ಲಿ ಕಾಕು ಕೌದಿಯ ಮೇಲೆಯೇ ಕುಸಿದುಬಿದ್ದಳು. ಎದೆಬಡಿತ ನಿಧಾನವಾಗಿದೆ ಎಂದು ಡಾಕ್ಟರು ಭುಜದ ಕೆಳಗೆ ಪೇಸ್‌ಮೇಕರ್ ಕೂರಿಸಿದರು. ಕಾಕಾ ಮೂರು ದಿನ ಆಸ್ಪತ್ರೆಯ ಬೆಂಚಿನ ಮೇಲೆಯೇ ಕೂತಿದ್ದರು. ಮನೆಗೆ ಕಳಿಸುವ ದಿನ ಡಾಕ್ಟರು ಹೇಳಿದ ಹತ್ತು ಎಚ್ಚರಿಕೆಗಳಲ್ಲಿ ಒಂದು, ಅಯಸ್ಕಾಂತವನ್ನು ಇವರ ಎದೆಯ ಹತ್ತಿರ ತರಬೇಡಿ ಎಂಬುದು.

ಕಾಕಾನ ಮುಖ ನೋಡಲಾರದೆ ನಾವೆಲ್ಲ ಗೋಡೆ ನೋಡಿದೆವು. ಕಾಕುವಿಗೇ ಮರುಕ ಬಂತು. ದೂರ ಇಟ್ಟರೆ ಸಾಕಂತೆ, ಅಂಗಳದಲ್ಲಿ ಇರಲಿ ಬಿಡಿ ಎಂದಳು.

"ಮನ್ಯಾಗ ಸೂಜಿಗಲ್ಲು ಎರಡ್ಯಾಕ? ಒಂದ ಸಾಕು," ಎಂದರು ಕಾಕಾ, ಆಕೆಯ ಕಡೆ ನೋಡದೆ.

ಅಂದು ಸಂಜೆಯೇ ಅದನ್ನು ಲಾಡಿಯ ಸಮೇತ ಚಾಚಾನ ಅಂಗಡಿಗೆ ಕೊಟ್ಟು ಬಂದರು. ಚಾಚಾ ತಮಾಷೆ ಮಾಡಲಿಲ್ಲ.

ಈಗ ಸೂಜಿ ಬಿದ್ದರೆ ಕಾಕಾ ಕಾಕುವಿನ ಪಕ್ಕದಲ್ಲಿ ಕೂತು, ನೆಲಕ್ಕೆ ಅಂಗೈ ಸವರುತ್ತ ಹುಡುಕುತ್ತಾರೆ. ಅರ್ಧ ತಾಸಾದರೂ ಹಿಡಿಯುತ್ತದೆ. ಕಾಕು ದಿನಕ್ಕೆ ಎರಡು ಸಲ ಬೀಳಿಸುತ್ತಾಳೆ.