ಗೇಟಿಗೆ ನೇತುಹಾಕಿದ ಗಂಟು

ಬೆಂಗಳೂರಿನಲ್ಲಿ ಮನೆ ಹುಡುಕುವ ಭಾರವನ್ನು ವಿರೂಪಾಕ್ಷ ತಾನಾಗಿಯೇ ಹೊತ್ತುಕೊಂಡ. ಒಂಬತ್ತು ವರ್ಷದ ಸಂಸಾರದಲ್ಲಿ ಅವನು ಅದುವರೆಗೆ ಹುಡುಕಿದ್ದು ತನ್ನ ಓದುವ ಚಾಳೀಸನ್ನು ಮಾತ್ರ. ಅದನ್ನೂ ಕೂತಲ್ಲಿಂದ "ಸ್ಮಿತಾ, ಎಲ್ಲೈತಿ?" ಎಂದು ಕೂಗುವ ವಿಧಾನದಿಂದ ಹುಡುಕಿದ್ದ.

ಆದರೆ ಈ ಸಲ ಪರಿಸ್ಥಿತಿ ಗಂಭೀರವಾಗಿತ್ತು. ಗದಗಿನ ವಿಮಾ ಕಚೇರಿಯಲ್ಲಿದ್ದ ಹೆಂಡತಿಗೆ ಬಡ್ತಿ ಸಿಕ್ಕು ಯಶವಂತಪುರಕ್ಕೆ ವರ್ಗವಾಗಿತ್ತು. ಎರಡು ತಿಂಗಳಿಂದ ಅವಳು ಅಲ್ಲೊಂದು ಲೇಡೀಸ್ ಪಿ.ಜಿ.ಯಲ್ಲಿದ್ದಳು. ವಿರೂಪಾಕ್ಷ ಸ್ಪರ್ಧಾತ್ಮಕ ಪರೀಕ್ಷೆಯ ಹುಡುಗರಿಗೆ ಲ್ಯಾಪ್‌ಟಾಪಿನ ಮುಂದೆ ಕೂತು ಸಾಮಾನ್ಯ ಜ್ಞಾನ ಕಲಿಸುವವನು. ಆ ಕೆಲಸವನ್ನು ಎಲ್ಲಿಂದಲಾದರೂ ಮಾಡಬಹುದು. ಆದರೆ ಎರಡು ತಿಂಗಳು ಚುರುಮುರಿಯನ್ನೇ ಊಟವೆಂದು ನಂಬಿ ಬದುಕಲಾಗದು. ಅದಕ್ಕಿಂತ ಭಯಂಕರವಾದದ್ದು ಸ್ಮಿತಾಳ ದನಿ. ಫೋನಿನಲ್ಲಿ ಅದು ವಾರದಿಂದ ವಾರಕ್ಕೆ ಹಗುರಾಗುತ್ತ ಹೋಗಿತ್ತು. "ರೀ, ಇವತ್ತ ಬಿಸಿ ಚಪಾತಿ ಹಾಕಿದ್ರು. ನಾ ಏಳಲೇ ಇಲ್ಲ, ಕೂತಲ್ಲೇ ಮತ್ತೊಂದು ಬಂತು," ಎಂದು ಅವಳು ಕನಸು ಹೇಳುವವಳಂತೆ ಹೇಳಿದ ದಿನವೇ ಅವನು ರೈಲಿನ ಟಿಕೆಟ್ ತೆಗೆಸಿದ.

ಮನೆ ಎಂದರೆ ಎಂಥ ಮನೆ? ನಡೆದೇ ಎಲ್ಲವನ್ನೂ ಮುಟ್ಟುವಂಥ, ಬೀದಿ ತುಂಬ ಜನವಿರುವಂಥ ಬಡಾವಣೆಯಲ್ಲಿ ಇರಬೇಕು. ವಿರೂಪಾಕ್ಷ ಇದರ ಬಗ್ಗೆ ಹನ್ನೊಂದು ವೀಡಿಯೊ ನೋಡಿದ್ದ. ಯಲಹಂಕದ ಅಪಾರ್ಟ್‌ಮೆಂಟಿನಲ್ಲಿ ಈಜುಕೊಳವಿತ್ತು, ಕೊತ್ತಂಬರಿ ಸೊಪ್ಪಿಗೆ ಮಾತ್ರ ಮೂರು ಕಿಲೋಮೀಟರ್ ಹೋಗಬೇಕು, ಬೇಡ. ಹೆಬ್ಬಾಳದಲ್ಲಿ ಎದುರು ಬದಿಯ ಅಂಗಡಿ ಕಾಣುತ್ತದೆ, ತಲುಪಲು ಇನ್ನೊಂದು ಜನ್ಮ ಬೇಕು, ಬೇಡ. ಕೊನೆಗೆ ಸಿಕ್ಕಿದ್ದು ಮತ್ತಿಕೆರೆಯ ಹಳೇ ಊರಿನ ಒಂದು ಓಣಿಯ ಮೊದಲ ಮನೆ. ಕೈಗಡಿಯಾರದಲ್ಲಿ ಹೆಜ್ಜೆ ಎಣಿಸಿ ಅವನು ಮಹಾಪಟ್ಟಿಯೊಂದನ್ನು ರಚಿಸಿದ: ಹಾಲು ತೊಂಬತ್ತು ಹೆಜ್ಜೆ, ತರಕಾರಿ ಇನ್ನೂರ ಹತ್ತು, ಇಸ್ತ್ರಿ ಅಂಗಡಿ ಇನ್ನೂರ ಅರವತ್ತು, ಗಿರಣಿ ಮುನ್ನೂರ ನಲವತ್ತು, ಸ್ಮಿತಾಳ ಕಚೇರಿ ಇಪ್ಪತ್ತೆರಡು ನಿಮಿಷ. (ಈ ಹೆಜ್ಜೆಗಳನ್ನು ಇಡುವವರು ಯಾರು ಎಂಬುದಕ್ಕೆ ಪಟ್ಟಿಯಲ್ಲಿ ಜಾಗ ಬಿಟ್ಟಿರಲಿಲ್ಲ.)

"ಎಲ್ಲಾ ನಿನ್ನ ದಾರ್ಯಾಗ ಬರ್ತಾವ ನೋಡು. ಹೆಂಗೂ ಬರ್ತಿರ್ತಿ," ಎಂದ.

ಸ್ಮಿತಾ ಪಟ್ಟಿಯನ್ನು ಒಮ್ಮೆ ನೋಡಿದಳು, ಗಂಡನನ್ನು ಒಮ್ಮೆ ನೋಡಿದಳು. "ಒಂದ ತಿಂಗಳು ನೋಡ್ತೀನಿ. ಸರಿ ಬರಲಿಲ್ಲಂದ್ರ ನಾ ಪಿ.ಜಿ.ಗೆ ವಾಪಸ್. ಅಲ್ಲಿ ನನ್ನ ಕಾಟು, ಹಾಸಿಗಿ ಇನ್ನೂ ಯಾರಿಗೂ ಕೊಟ್ಟಿಲ್ಲಂತ."

ಮನೆ ನೋಡಲು ಹೋದ ಭಾನುವಾರ ಮುಖ್ಯರಸ್ತೆಯಲ್ಲಿ ಕಾಲಿಡಲು ಜಾಗವಿರಲಿಲ್ಲ. ಕಾಲೇಜು ಹುಡುಗರು, ಪಾನಿಪುರಿ ಗಾಡಿ, ಹೂವಿನವರು, ಆಟೊಗಳ ಕೂಗಾಟ. ಓಣಿಯೊಳಕ್ಕೆ ತಿರುಗಿದ ಕೂಡಲೇ ಯಾರೋ ಸ್ವಿಚ್ಚು ಆರಿಸಿದ ಹಾಗೆ ಎಲ್ಲ ಸದ್ದೂ ನಿಂತಿತು. ಎರಡೂ ಬದಿಯ ಕಿಟಕಿಗಳಲ್ಲಿ ಮುಖಗಳಿದ್ದವು. ಗೇಟಿನ ಬಳಿ ಮನೆಯ ಒಡತಿ ಮುನಿಕೆಂಪಮ್ಮ ಬೆಳಗಿನಿಂದಲೂ ಅಲ್ಲೇ ನಿಂತಿದ್ದವಳಂತೆ ನಿಂತಿದ್ದಳು. ಬಂದವರ ಮುಖವನ್ನು ಆಕೆ ನೋಡಲಿಲ್ಲ. ಕಾಲು ನೋಡಿದಳು.

"ಗಾಡಿ ಐತಾ?"

"ಇಲ್ರಿ ಅಮ್ಮಾರ. ನಮ್ಮದೇನಿದ್ರೂ ನಡಿಗಿ," ಎಂದ ವಿರೂಪಾಕ್ಷ.

ಕಿಟಕಿಗಳಲ್ಲಿ ಒಂದು ನಿಟ್ಟುಸಿರು ಹಾದುಹೋಯಿತು.

"ಇಬ್ರಲ್ಲಿ ನಡೆಯೋರು ಯಾರು?"

ಅವನು ಹೆಂಡತಿಯ ಹೆಗಲ ಮೇಲೆ ಕೈಯಿಟ್ಟು ಅರ್ಧ ಹೆಜ್ಜೆ ಮುಂದಕ್ಕೆ ತಂದ. "ಈಕಿ ನಡೀತಾಳ್ರಿ. ಎಷ್ಟ ಬೇಕಾದ್ರೂ ನಡೀತಾಳ."

ಮುನಿಕೆಂಪಮ್ಮ ಸ್ಮಿತಾಳ ಭುಜವನ್ನು ಎರಡು ಬೆರಳಿನಲ್ಲಿ ಒತ್ತಿ ನೋಡಿದಳು. "ಗಟ್ಟಿ ಅವ್ಳೆ. ಮದ್ಲಿದ್ದೋಳು ಮೂರೇ ತಿಂಗ್ಳು. ಪಾಪ, ತಡ್ಕೊಳ್ಳಾಕೆ ಆಗ್ನಿಲ್ಲ."

ಏನನ್ನು ತಡೆದುಕೊಳ್ಳಲು ಆಗಲಿಲ್ಲ ಎಂದು ಕೇಳಲು ಅವನು ಬಾಯಿ ತೆರೆದ. ಅಷ್ಟರಲ್ಲಿ ಆಕೆ, "ಈ ಮನೆಗೆ ಬಾಡ್ಗೆ ಕಮ್ಮಿ. ಯಾಕೆ ಅಂತ ಈಯಮ್ಮಂಗೆ ಏಳ್ತೀನಿ," ಎಂದು ಸ್ಮಿತಾಳನ್ನು ಒಳಗೆ ಕರೆದೊಯ್ದಳು. ಕಮ್ಮಿ ಎಂಬ ಶಬ್ದ ಕಿವಿಗೆ ಬಿದ್ದ ಮೇಲೆ ವಿರೂಪಾಕ್ಷನಿಗೆ ಬೇರೆ ಪ್ರಶ್ನೆ ಉಳಿಯಲಿಲ್ಲ.

ಮರು ಭಾನುವಾರ ಸಾಮಾನು ತಂದು ಮನೆ ಹೊಕ್ಕರು. ಸೋಮವಾರ ಸ್ಮಿತಾ ಕಚೇರಿಗೆ ಹೋಗಿದ್ದಳು. ಮಟಮಟ ಮಧ್ಯಾಹ್ನ. ತಂಗಳು ಚಪಾತಿ ತಿಂದು ಕಿಟಕಿಗೆ ಬಂದ ವಿರೂಪಾಕ್ಷ ಅದನ್ನು ಕಂಡ.

ಗೇಟಿನ ಕೊಂಡಿಗೆ ಒಂದು ಗಂಟು ನೇತಾಡುತ್ತಿತ್ತು. ಹಳೇ ಪಂಚೆಯ ಬಿಳಿ ಬಟ್ಟೆ, ಅಲ್ಲಲ್ಲಿ ಹಳದಿ ಕಲೆ, ಬಾಯಿಗೆ ಕೆಂಪು ದಾರ. ದಾರಕ್ಕೆ ಸಿಕ್ಕಿಸಿದ ಚೀಟಿಯಲ್ಲಿ ಒಂದೇ ಒಂದು ಹೆಸರು: ಯಶೋಧಾ. ಯಶೋಧಾ ಎದುರು ಮನೆಯವಳು. ಬೆಳಿಗ್ಗೆಯಷ್ಟೇ ನಕ್ಕು ಮಾತಾಡಿಸಿದ್ದಳು. ಓಣಿಯಲ್ಲಿ ನರಪಿಳ್ಳೆಯಿಲ್ಲ. ಗಾಳಿಯೂ ಇಲ್ಲ, ಆದರೂ ಗಂಟು ಮೆಲ್ಲಗೆ ತಿರುಗುತ್ತಿತ್ತು.

ಅವನು ಕಿಟಕಿ ಮುಚ್ಚಿದ. ಸಂಜೆ ಐದರಿಂದ ಏಳರವರೆಗೆ ಬಾಗಿಲು ಹಾಕಿಕೊಂಡು, ಕಿವಿಗೆ ಹೆಡ್‌ಫೋನ್ ಸಿಕ್ಕಿಸಿಕೊಂಡು ಪಾಠ ಮಾಡಿ ಹೊರಬಂದಾಗ ಗಂಟು ಮಾಯವಾಗಿತ್ತು.

ಮಂಗಳವಾರ ಮಧ್ಯಾಹ್ನ ಎರಡು ಗಂಟು. ಸಂಜೆಗೆ ಎರಡೂ ಮಾಯ.

ಅದಕ್ಕಿಂತ ಅವನನ್ನು ಹೆದರಿಸಿದ್ದು ಸ್ಮಿತಾ. ಆ ಸಂಜೆ ಅವಳು ತರಕಾರಿ ಚೀಲದೊಂದಿಗೆ ಬಂದಾಗ ಕಣ್ಣು ಕೆಂಡದಂತೆ ಕೆಂಪಾಗಿದ್ದವು. ಅಂಗೈ ಹಳದಿ. ಚಪ್ಪಲಿ ಬಿಡುತ್ತ ತುಟಿಯೊಳಗೇ ಏನೋ ಹೇಳಿಕೊಳ್ಳುತ್ತಿದ್ದಳು. ಅವನು ಕಿವಿಗೊಟ್ಟ.

"ಯಶೋಧಾ... ರತ್ನಕ್ಕ... ಯಶೋಧಾ... ರತ್ನಕ್ಕ..."

"ಸ್ಮಿತಾ?"

ಅವಳು ತಟ್ಟನೆ ತಿರುಗಿದಳು. ಆ ಕೆಂಪು ಕಣ್ಣುಗಳು ಅವನ ಮೇಲೆ ನೆಟ್ಟವು. "ಈಗ ಮಾತಾಡಿಸಬ್ಯಾಡ್ರಿ. ಮರೀತದ."

ಅಂದು ಅವನು ಎರಡನೇ ಸಲ ಅನ್ನ ಬಡಿಸಲು ಅವಳಿಗೆ ಹೇಳಲಿಲ್ಲ. ತಾನೇ ಬಡಿಸಿಕೊಂಡ. ಭಯ ಮನುಷ್ಯನನ್ನು ಎಲ್ಲಿಗೆ ತಂದು ನಿಲ್ಲಿಸುತ್ತದೆ ನೋಡಿ!

ಇದು ಮಾಟ. ಅದರಲ್ಲಿ ಸಂಶಯವೇ ಉಳಿಯಲಿಲ್ಲ. ಮೊದಲಿದ್ದವಳು ತಡೆದುಕೊಳ್ಳಲಾಗದೆ ಓಡಿದ್ದೂ, ಬಾಡಿಗೆ ಕಡಿಮೆಯಾದದ್ದೂ ಇದಕ್ಕೇ. ಸ್ಮಿತಾಳಿಗೆ ಹೇಳಿಬಿಡೋಣವೆಂದರೆ ಅವಳು ಮರುಮಾತಿಲ್ಲದೆ ಪೆಟ್ಟಿಗೆ ಎತ್ತಿಕೊಂಡು ಪಿ.ಜಿ.ಗೆ ನಡೆಯುತ್ತಾಳೆ. ಆಮೇಲೆ? ಮತ್ತೆ ಚುರುಮುರಿ. ಕ್ಷುದ್ರಶಕ್ತಿಯ ಜೊತೆ ಹೇಗಾದರೂ ಹೊಂದಿಕೊಂಡು ಹೋಗಬಹುದು, ಚುರುಮುರಿಯ ಜೊತೆ ಸಾಧ್ಯವಿಲ್ಲ. ಅವನು ಬಾಯಿ ಹೊಲಿದುಕೊಂಡ.

ಬುಧವಾರ ಅಮಾವಾಸ್ಯೆ. ಮಧ್ಯಾಹ್ನ ಗೇಟಿಗೆ ನಾಲ್ಕು ಗಂಟು. ನಾಲ್ಕನೆಯದು ಎಲ್ಲಕ್ಕಿಂತ ದೊಡ್ಡದು, ಬಟ್ಟೆ ಹೊಚ್ಚಹೊಸದು. ಚೀಟಿಯಲ್ಲಿ ಬರೆದಿತ್ತು: ಸ್ಮಿತಾ.

ವಿರೂಪಾಕ್ಷ ಹೊರಗೆ ಬಂದ. ಆ ಗಂಟಿನ ಬಾಯಿ ಸ್ವಲ್ಪ ಬಿಡಿಸಿದ. ಗಂಟು ಬೆಚ್ಚಗಿತ್ತು, ಜೀವವಿದ್ದ ಹಾಗೆ. ಒಳಗೆ ಒಣಗಿ ಸುಕ್ಕಾದ ಕೆಂಪು ಮೆಣಸಿನಕಾಯಿಗಳು. ಅರಿಶಿನದ ಕೊಂಬು, ಸತ್ತವರ ಬೆರಳಿನಂತೆ. ಕಬ್ಬಿಣದ ಮೊಳೆಯಂಥ ಕಪ್ಪು ಮೊಗ್ಗುಗಳು. ಎಲ್ಲದರ ನಡುವೆ ಬೂದುಬಣ್ಣದ, ಸುರುಳಿ ಸುರುಳಿಯಾದ, ಚರ್ಮವೋ ಕೂದಲೋ ಹೇಳಲಾಗದ ಒಂದು ಹಿಡಿ ವಸ್ತು. ಸಾಮಾನ್ಯ ಜ್ಞಾನದ ಯಾವ ಪುಸ್ತಕದಲ್ಲೂ ಅವನು ಅಂಥದ್ದನ್ನು ಕಂಡಿರಲಿಲ್ಲ.

ಇಂಥವನ್ನು ಮೂರು ದಾರಿ ಕೂಡುವಲ್ಲಿ ಎಡಗೈಯಿಂದ ಬಿಟ್ಟು ಹಿಂತಿರುಗಿ ನೋಡದೆ ಬರಬೇಕೆಂದು ಅವನ ಅಜ್ಜಿ ಹೇಳುತ್ತಿದ್ದಳು. ನಾಲ್ಕೂ ಗಂಟುಗಳನ್ನು ಒಂದು ಕೋಲಿಗೆ ಸಿಕ್ಕಿಸಿ, ಮೈಗೆ ತಾಗದಂತೆ ದೂರ ಹಿಡಿದು ಅವನು ಹೊರಟ.

ಕಿಟಕಿಗಳು ಒಂದೊಂದಾಗಿ ತೆರೆದುಕೊಂಡವು. ಬಾಗಿಲುಗಳಲ್ಲಿ ಹೆಂಗಸರು ಬಂದು ನಿಂತರು. ಯಶೋಧಾ ಬಾಯಿಯ ಮೇಲೆ ಕೈಯಿಟ್ಟುಕೊಂಡಳು. ಮುನಿಕೆಂಪಮ್ಮ ಕಣ್ಣರಳಿಸಿ ಅವನನ್ನೇ ನೋಡುತ್ತ ಎರಡೂ ಕೈಗಳನ್ನು ಅವನತ್ತ ಚಾಚಿ ತನ್ನ ಕಪಾಳಕ್ಕೊತ್ತಿ ನೆಟಿಗೆ ಮುರಿದಳು. ಹತ್ತೂ ಬೆರಳು ಲಟಲಟನೆ ಸದ್ದು ಮಾಡಿದವು. ಮಂತ್ರ ಮುಗಿಯಿತು ಎಂದುಕೊಂಡ ವಿರೂಪಾಕ್ಷ ಓಡತೊಡಗಿದ.

ಮುಖ್ಯರಸ್ತೆಯಲ್ಲಿ ಸ್ವಲ್ಪ ಮುಂದೆ ಮೂರು ದಾರಿ ಕೂಡುತ್ತವೆ. ಗಂಟುಗಳನ್ನು ಅಲ್ಲಿ ಎಡಗೈಯಿಂದ ಬಿಟ್ಟು ಬೆನ್ನು ತಿರುಗಿಸಿದ. ಅದೇ ಹೊತ್ತಿಗೆ ಒಂದು ನೀರಿನ ಟ್ಯಾಂಕರ್ ಹಿಂದಕ್ಕೆ ಬಂದು ನಾಲ್ಕರ ಮೇಲೂ ಚಕ್ರ ಹತ್ತಿಸಿತು. ಪಟಪಟ ಎಂಬ ಸದ್ದು. ಆಮೇಲೆ ಬೆನ್ನ ಹಿಂದೆ ನೂರು ಜನ ಒಟ್ಟಿಗೆ ಅರಚಿದಂತಾಯಿತು. ನೋಡಬಾರದೆಂದರೂ ನೋಡಿದ. ನಡುರಸ್ತೆಯಲ್ಲಿ ಕೆಂಪು ಮೋಡವೊಂದು ಎದ್ದು ನಿಂತಿತ್ತು. ಹೂವಿನವಳು ಮುಖ ಮುಚ್ಚಿಕೊಂಡು ಕೂತಿದ್ದಳು. ಆಟೊದವರು, ಕಾಲೇಜು ಹುಡುಗರು, ಒಬ್ಬ ಟ್ರಾಫಿಕ್ ಪೊಲೀಸ್, ಎಲ್ಲರೂ ಸೀನುತ್ತಿದ್ದರು. ಮೋಡ ಮೆಲ್ಲಗೆ ಅವನ ಕಡೆಗೇ ಹೊರಳಿತು. ವಿರೂಪಾಕ್ಷ ಮನೆ ಸೇರಿ ಮೂರು ಚಿಲಕ ಹಾಕಿದ.

ಸಂಜೆ ಬಾಗಿಲು ಬಡಿದ ಸದ್ದು. ತೆರೆದರೆ ಸ್ಮಿತಾ. ಅವಳ ಹಿಂದೆ ಮುನಿಕೆಂಪಮ್ಮ, ಯಶೋಧಾ ಮತ್ತು ತಲೆಯಿಂದ ಕಾಲಿನವರೆಗೆ ಹಿಟ್ಟು ಮೆತ್ತಿಕೊಂಡ ಒಬ್ಬ ಮನುಷ್ಯ. ಅವನ ಕೈಯಲ್ಲಿ ಹರಿದ ಬಟ್ಟೆಯ ಚೂರು, ಅದಕ್ಕೆ ಅಂಟಿದ ಚೀಟಿ.

"ಸಾರ್, ನಾನು ನಾಸಿರ್. ಗಿರಣಿಯವನು," ಎಂದ ಆತ ನೊಂದ ದನಿಯಲ್ಲಿ. "ಗಿರಣಿ ಎದುರುಗಡೆನೇ ಇತ್ತಲ್ಲ ಸಾರ್. ಇನ್ನೊಂದಿಪ್ಪತ್ತು ಹೆಜ್ಜೆ ನಡೆದಿದ್ರೆ ಒಳಗಡೆನೇ ಬರ್ತಿದ್ರಿ. ಯಾಕ್ ಸಾರ್ ರೋಡಲ್ಲಿ ಹಾಕಿದ್ರಿ?"

"ಗಿರಣಿ? ಯಾತಕ್ಕ?"

"ಸಾರಿನ ಪುಡಿಗಪ್ಪ," ಎಂದಳು ಮುನಿಕೆಂಪಮ್ಮ. "ಬಿಸ್ಲು ಕಾಲ್ದಾಗೆ ವರ್ಸಕ್ಕಾಗೋವಷ್ಟು ಉರಿದು ಬೀಸಿಸ್ಕೊಂಡು ಮಡಿಕ್ಕೊಳ್ಳಲ್ವಾ? ಮದ್ಲನೇ ಮನೇಲಿರೋರು ಓಣಿ ಗಂಟೆಲ್ಲ ಗಿರಣಿಗೆ ಒಯ್ಬೇಕು. ಬಾಡ್ಗೆ ಕಮ್ಮಿ ಇರೋದು ಅದ್ಕೇಯ. ನೀನೇ ಅಂದ್ಯಲ್ಲ, ಈಕಿ ಎಷ್ಟ್ ಬೇಕಾದ್ರೂ ನಡೀತಾಳೆ ಅಂತ."

"ಇವತ್ತು ನೀವೇ ಎತ್ಕೊಂಡು ಹೊರಟ್ರಲ್ಲಾ, ನಮ್ಗೆಲ್ಲ ಎಷ್ಟು ಖುಷಿ ಆಯ್ತು ಗೊತ್ತಾ?" ಯಶೋಧಾ ಅಂದಳು. "ಈ ಓಣೀಲಿ ಒಬ್ಬ ಗಂಡಸು ಗಂಟು ಮುಟ್ಟಿದ್ದು ನಾನು ನೋಡೇ ಇಲ್ಲ ಕಣ್ರೀ. ಅಮ್ಮ ದೃಷ್ಟಿ ಬೇರೆ ತೆಗೆದ್ರು."

"ಆದ್ರ ಅದರಾಗ... ಕೂದಲಿನಂಥಾದ್ದು..."

"ಕಲ್ಲುಹೂ," ಎಂದರು ಮೂವರು ಹೆಂಗಸರೂ ಒಟ್ಟಿಗೆ. "ಮಸಾಲೆಗೆ ಹಾಕೋದು ಸಾರ್," ಎಂದು ನಾಸಿರನೂ ತಲೆಯಾಡಿಸಿದ.

"ಮತ್ತ ಆಕಿ ಹೆಸರು ಯಾಕ ಬರದಿತ್ತು?"

ಮುನಿಕೆಂಪಮ್ಮ ನಾಸಿರನ ಕೈಯಿಂದ ಆ ಚೀಟಿ ತೆಗೆದುಕೊಂಡಳು. "ಒಸಬ್ಳು, ದುಡಿದು ಬತ್ತಾಳೆ, ಇದನ್ನೆಲ್ಲ ಯಾವಾಗ ಉರೀತಾಳೆ ಅಂತ ನಾವೆಲ್ಲ ಸೇರಿ ಅವ್ಳಿಗೊಂದು ಗಂಟು ಮಾಡಿದ್ವಿ."

ಅವರು ಹೋದ ಮೇಲೆ ಸ್ಮಿತಾ ಗೋಡೆಗೆ ಒರಗಿ ನಗತೊಡಗಿದಳು. ನಕ್ಕು ನಕ್ಕು ಕಣ್ಣಲ್ಲಿ ನೀರು ಬಂತು. ವಿರೂಪಾಕ್ಷನೂ ಧೈರ್ಯ ತಂದುಕೊಂಡು, ತನ್ನ ಮಾಟದ ಲೆಕ್ಕಾಚಾರವನ್ನೆಲ್ಲ ಹೇಳಿ ನಕ್ಕ. ಆಗ ಅವಳು ನಿಲ್ಲಿಸಿದಳು.

"ರೀ, ಮೂರು ದಿನದಿಂದ ಮಾಟ ಅಂತ ತಿಳಕೊಂಡಿದ್ರಿ. ನನಗ ಯಾಕ ಹೇಳಲಿಲ್ಲ?"

"ನೀ ಅಂಜಿ ಪಿ.ಜಿ.ಗೆ ಹೋಗಿಬಿಡ್ತೀ ಅಂತ..."

"ಅಂದ್ರ ನನ್ನ ಮೈಯಾಗ ದೆವ್ವ ಹೊಕ್ಕಿದ್ರೂ ಅಡ್ಡಿಯಿಲ್ಲ. ಚಪಾತಿ ಮಾಡ್ಲಿಕ್ಕೆ ನಿಂತಿರಬೇಕು."

ಉತ್ತರಕ್ಕಾಗಿ ಅವನು ಬಹಳ ಹುಡುಕಿದ. ಕೂಗಿ ಕೇಳೋಣವೆಂದರೆ ಹುಡುಕಿಕೊಡುವವಳೇ ಎದುರು ನಿಂತಿದ್ದಳು.

"ಗಿರಣ್ಯಾಗಿನ ಖಾರಕ್ಕ ನನ್ನ ಕಣ್ಣು ಕೆಂಪಾಗಿದ್ದು ಕಂಡ್ರಿ, ಅಂಗೈ ಹಳದಿ ಆಗಿದ್ದು ಕಂಡ್ರಿ, ಯಾರ ಪುಡಿ ಯಾರಿಗಂತ ಹೆಸರು ನೆನಪಿಟ್ಟುಕೊಂಡಿದ್ದು ಕೇಳಿದ್ರಿ. ದೆವ್ವ ಅಂತ ಹೊಳೀತು. ಕೆಲಸ ಅಂತ ಹೊಳೀಲಿಲ್ಲ," ಎಂದಳು ಸ್ಮಿತಾ. ದನಿ ಏರಿರಲಿಲ್ಲ. ಪೆಟ್ಟಿಗೆಗೆ ಬಟ್ಟೆ ತುಂಬುತ್ತಿದ್ದಳು.

ನಡೆದೇ ಹೋದಳು. ಪಿ.ಜಿ. ಹದಿನೆಂಟು ನಿಮಿಷದ ದಾರಿ. ಬಡಾವಣೆ ನಿಜಕ್ಕೂ ಬಹಳ ಅನುಕೂಲದ್ದಾಗಿತ್ತು.

ಹಾಳು ಮಾಡಿದ ನಾಲ್ಕು ಗಂಟಿನ ಪುಡಿ ತೀರಿಸಲು ಮರುದಿನದಿಂದ ವಿರೂಪಾಕ್ಷ ಪಕ್ಕದಲ್ಲೇ ಇದ್ದ ಮುನಿಕೆಂಪಮ್ಮನ ಹಿತ್ತಿಲಿನ ಒಲೆಯ ಮುಂದೆ ಕೂತ. ಕೊತ್ತಂಬರಿ ಬೀಜ ಎಷ್ಟು ಹುರಿದರೆ ಘಮ ಬರುತ್ತದೆ, ಇನ್ನೆಷ್ಟು ಹುರಿದರೆ ಕರಿಕಲಾಗುತ್ತದೆ ಎಂಬ ಎರಡರ ನಡುವಿನ ಅರೆನಿಮಿಷವನ್ನು ಹಿಡಿಯಲು ಅವನಿಗೆ ಮೂರು ಬಾಣಲೆ ಹಿಡಿಯಿತು. ನಾಲ್ಕು ಮನೆಗೆ ನಾಲ್ಕು ಹದ. ಓಣಿಯ ಹೆಂಗಸರು ಬಂದು ನೋಡಿ, ಮೂಸಿ, ತಲೆಯಾಡಿಸಿ ಹೋಗುತ್ತಿದ್ದರು. ಒಂಬತ್ತನೆಯ ದಿನ ಕೊನೆಯ ಡಬ್ಬಿಗೆ ಪುಡಿ ತುಂಬಿ, ಮುಚ್ಚಳ ಗಟ್ಟಿ ಮಾಡಿ, ಮೇಲೆ ಸ್ಮಿತಾಳ ಹೆಸರು ಬರೆದು ಅವನು ಫೋನ್ ಮಾಡಿದ.

"ಎಲ್ಲಾ ಆತು. ಅನ್ನ ಮಾಡೇನಿ, ಸಾರೂ ಮಾಡೇನಿ. ಮುನಿಕೆಂಪಮ್ಮಾರು ಪಾಸ್ ಅಂದ್ರು. ಯಾವಾಗ ಬರ್ತಿ?"

ಆ ಕಡೆ ತಟ್ಟೆ, ಲೋಟಗಳ ಸದ್ದು. ಯಾರೋ ಹೆಂಗಸರು ನಗುತ್ತಿದ್ದರು.

"ಚಲೋ ಆತು," ಎಂದಳು ಸ್ಮಿತಾ. ಮೆಚ್ಚಿಗೆಯ ದನಿಯೇ. "ವಿಚಾರ ಮಾಡಿ ಹೇಳ್ತೀನ್ರಿ. ಈಗ ಬಡಸಾಕತ್ತಾರ, ಇಡ್ತೀನಿ."

ವಿರೂಪಾಕ್ಷ ಫೋನ್ ಹಿಡಿದು ಅಂಗಳದಲ್ಲಿ ನಿಂತ. ಕಾಂಪೌಂಡಿನ ಆಚೆಯಿಂದ ಮುನಿಕೆಂಪಮ್ಮನ ತಲೆ ಮೇಲೆದ್ದಿತು.

"ಬತ್ತಾಳಂತಾ?"

"ವಿಚಾರ ಮಾಡ್ತಾಳಂತ್ರಿ."

"ಮಾಡ್ಲಿ ಬುಡು, ನಿಧಾನ್ವಾಗಿ ಮಾಡ್ಲಿ," ಎಂದು ಆಕೆ ಸಮಾಧಾನ ಹೇಳಿದಳು. "ನಾಳಿಂದ ಓಣಿ ಅಪ್ಪಳ, ಸಂಡ್ಗೆ ಸುರು. ಐದು ಗಂಟೆಗೇ ಎದ್ಬುಡಪ್ಪ."